ಕೆಂಪರಾಜುವಿನ ಹುಳದ ವ್ರತ

ದೊಡ್ಡಆಲಹಳ್ಳಿಯಲ್ಲಿ ಈಚಿನ ವರ್ಷಗಳಲ್ಲಿ ಒಂದೇ ಒಂದು ಗೋಡೆಯೂ ಬಿದ್ದಿಲ್ಲ. ಮಳೆ ಹೊಡೆದಿದೆ, ಗಾಳಿ ಬೀಸಿದೆ, ರಿವರ್ಸ್ ಬಂದ ಟ್ರ್ಯಾಕ್ಟರುಗಳು ಗುದ್ದಿವೆ. ಗೋಡೆಗಳು ಜಗ್ಗಿಲ್ಲ. ಸಿಮೆಂಟು ಮಾರುವವರು ಆ ಕೀರ್ತಿಯನ್ನು ತಮ್ಮ ಮೂಟೆಗಳಿಗೆ ಕೊಟ್ಟುಕೊಂಡರೆ ಕೊಟ್ಟುಕೊಳ್ಳಲಿ, ಊರಿನವರಿಗೆ ನಿಜ ಗೊತ್ತು. ಆ ಗೋಡೆಗಳನ್ನೆಲ್ಲ ಬೆನ್ನು ಕೊಟ್ಟು ನಿಲ್ಲಿಸಿರುವ ಪುಣ್ಯಾತ್ಮ ಕೆಂಪರಾಜು.

ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಬಂದವರು ಸಾಲಿನಲ್ಲಿ ಆಕಳಿಸುತ್ತಿದ್ದರೆ ಕೆಂಪರಾಜು ಸೀದಾ ಡೇರಿಯ ಗೋಡೆಯ ಹತ್ತಿರ ಹೋಗುತ್ತಾನೆ. ಮೊದಲು ಹಿಮ್ಮಡಿ, ಆಮೇಲೆ ಸೊಂಟದ ಕೆಳಗಿನ ಭಾಗ, ಆಮೇಲೆ ಹೆಗಲು, ಕಡೆಗೆ ತಲೆಯ ಹಿಂಭಾಗ, ಹೀಗೆ ಒಂದೊಂದನ್ನೇ ಗೋಡೆಗೆ ಒಪ್ಪಿಸಿ, ಗದ್ದ ಒಳಕ್ಕೆಳೆದು, ದೂರದ ಗುಡ್ಡದ ಮೇಲೆ ಕಣ್ಣು ನೆಟ್ಟು ನಿಂತುಬಿಡುತ್ತಾನೆ. ದೇವಸ್ಥಾನದ ದ್ವಾರಪಾಲಕರಿಗಾದರೂ ಕೈಯಲ್ಲಿ ಗದೆ ಇರುತ್ತದೆ, ಇವನ ಕೈಯಲ್ಲಿ ಹಾಲಿನ ಕ್ಯಾನು. ಗೋಡೆ ನಿಲ್ಲಿಸುವ ಕೆಲಸ ಮುಗಿದ ಮೇಲೆ ಭೂಭಾರ ಇಳಿಸಿದವನಂತೆ ನಿಟ್ಟುಸಿರು ಬಿಟ್ಟು ಸಾಲಿಗೆ ಬರುತ್ತಾನೆ.

ಇಂಥ ಮಹಾಪುರುಷ ಕೂರುವುದನ್ನು ಕಂಡವರು ಕಡಿಮೆ. ಕನಕಪುರದ ಬಸ್ಸಿನಲ್ಲಿ ಹಿಂದಿನ ಸೀಟುಗಳೆಲ್ಲ ಖಾಲಿ ಇದ್ದರೂ ಎರಡು ಸ್ಟಾಪು ಕೂತವನು ಎದ್ದು ಮೇಲಿನ ಕಂಬಿ ಹಿಡಿದು ಜೋತುಬೀಳುತ್ತಾನೆ. "ಕೂತ್ಕೊಳ್ಳಪ್ಪ, ಕೂತಿದ್ದಕ್ಕೆ ಬೇರೆ ಟಿಕೆಟ್ ಕೇಳಲ್ಲ" ಎಂದು ಕಂಡಕ್ಟರು ಗೋಗರೆದದ್ದೂ ಉಂಟು. ಒಂದು ಬೀಗರ ಔತಣದಲ್ಲಿ ಪಂಕ್ತಿಯಲ್ಲಿ ನೆಲಕ್ಕೆ ಕೂತು ಮೊದಲನೇ ಮುದ್ದೆ ಮುಗಿಸಿ ಧಡಕ್ಕನೆ ಎದ್ದು ನಿಂತ. ನಲ್ಲಿಮೂಳೆ ಬೀಳಲಿಲ್ಲವೆಂದು ಮುನಿಸಿಕೊಂಡಿರಬೇಕೆಂದು ಹೆಣ್ಣಿನ ಕಡೆಯವರು ಗಾಬರಿಯಾಗಿ, ಸಾರಿನ ಪಾತ್ರೆಯನ್ನೇ ತಂದು ಅವನ ಎಲೆಗೆ ಮೂಳೆಗಳನ್ನು ಸುರಿದರು. ಅವನು ಎಲೆಯನ್ನು ಕೈಗೆತ್ತಿಕೊಂಡು ಗೋಡೆಗೊರಗಿ ನಿಂತು, ಮುಸುಡಿಯಲ್ಲಿ ಯಾವ ಭಾವವೂ ಇಲ್ಲದೆ, ಅಷ್ಟನ್ನೂ ಚೀಪಿ ಮುಗಿಸಿದ.

ಮೂವತ್ತೈದು ದಾಟಿದ ಈ ವೀರನಿಗೆ ಪ್ರತಿಮಾ ಎಂಬ ಹೆಂಡತಿ, ಶಾಲೆಗೆ ಹೋಗುವ ಮಕ್ಕಳು, ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಒಂದು ಹುಳು ಮನೆ. ರೇಷ್ಮೆ ಹುಳು ಸಾಕಿ, ಗೂಡು ಕಟ್ಟಿಸಿ, ರಾಮನಗರದ ಮಾರ್ಕೆಟ್ಟಿಗೆ ಒಯ್ಯುವುದು ಕಸುಬು. ಊರಲ್ಲಿ ಅರ್ಧ ಮನೆಗಳದ್ದೂ ಅದೇ ಕಸುಬು. ವ್ಯತ್ಯಾಸವೆಂದರೆ, ಉಳಿದವರ ಬೆಳೆ ಒಂದು ಸಲ ಬಂದರೆ ಇನ್ನೊಂದು ಸಲ ಕೈಕೊಡುತ್ತಿತ್ತು, ಕೆಂಪರಾಜುವಿನದು ಕೈಕೊಟ್ಟಿದ್ದೇ ಇಲ್ಲ. ಇದು ಪಕ್ಕದ ಮನೆಯ ಬೋರಲಿಂಗಯ್ಯನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಬೋರಲಿಂಗಯ್ಯ ಒಂದು ಕಾಲಕ್ಕೆ ಹುಳದ ಪಂಡಿತ. ಹುಳು ಸೊಪ್ಪು ತಿನ್ನುವ ಸದ್ದನ್ನು ಬಾಗಿಲಾಚೆ ನಿಂತು ಕೇಳಿಯೇ ಬೆಳೆಯ ಜಾತಕ ಹೇಳುತ್ತಿದ್ದವನು. ಉಯ್ಯಂಬಳ್ಳಿಯಿಂದ ಜನ ಸಲಹೆ ಕೇಳಲು ಬರುತ್ತಿದ್ದರು. ಈಗ ಅರವತ್ತು ದಾಟಿ ಕಿವಿ ಮಂದವಾಗಿ, ಬರುವವರು ಪಕ್ಕದ ಗೇಟು ತಟ್ಟುತ್ತಿದ್ದರು. ಅದನ್ನಾದರೂ ನುಂಗಿಕೊಂಡಾನು, ನುಂಗಲಾಗದ ಇನ್ನೊಂದು ತುತ್ತಿತ್ತು: ಮಗ ಬಾಲರಾಜು. ಐಟಿಐ ಮುಗಿಸಿ, ತಾನಾಗಿಯೇ ಇಷ್ಟಪಟ್ಟು ಹುಳು ಸಾಕಲು ಊರಿನಲ್ಲಿ ನಿಂತವನು. ಹುಳು ಮನೆಯ ಬೀಗದ ಕೈಯನ್ನು ಅವನ ಉಡಿದಾರಕ್ಕೆ ಕಟ್ಟುವುದು ಅಪ್ಪನ ಬಹುದಿನದ ಆಸೆ. ಆದರೆ ಹುಡುಗ ಬೆಳಿಗ್ಗೆ ಏಳುತ್ತಿರಲಿಲ್ಲ.

"ಬೆನ್ನು ಹಿಡ್ಕೊಂಡೈತೆ ಕಣಪ್ಪ, ಒಸಿ ಹೊತ್ತು ಬುಡು" ಎಂದು ಚಾಪೆಯ ಮೇಲೆ ಮರದ ದಿಮ್ಮಿಯಂತೆ ಬಿದ್ದಿರುತ್ತಿದ್ದ. ಹೇಗೋ ಎದ್ದರೆ ಮುದುಕನ ಹಾಗೆ ಬಾಗಿ ನಡೆಯುತ್ತಿದ್ದ. ಬಿಸಿಲೇರುವ ಹೊತ್ತಿಗೆ ಸೊಪ್ಪಿನ ಹೊರೆ ಹೊತ್ತು ಓಡಾಡುವಷ್ಟು ಸರಿಯಾಗಿರುತ್ತಿದ್ದ. ಬೋರಲಿಂಗಯ್ಯನಿಗೆ ಇದಕ್ಕಿಂತ ಪುರಾವೆ ಬೇಕಿರಲಿಲ್ಲ.

"ಬೆಳಗಿನ ಕೆಲ್ಸ ಮುಗಿಯೋ ಹೊತ್ತಿಗೆ ಸರಿಯಾಗಿ ವಾಸಿ ಆಗೋ ಕಾಯಿಲೆ ಯಾವುದ್ಲಾ ಅದು? ಗಡಿಯಾರ ನೋಡ್ಕೊಂಡು ಬತ್ತದಾ?"

"ನಂಗೇನ್ ಗೊತ್ತಪ್ಪ? ಮಲಗಿದಷ್ಟೂ ಜಾಸ್ತಿ ಆಯ್ತದೆ."

"ಮಲಗಿದ್ರೆ ಜಾಸ್ತಿ ಆಗೋದಾದ್ರೆ ಎದ್ದೇಳ್ಲಾ ಮತ್ತೆ! ಕೇಳಿದ್ಯಾ ಅಮ್ಮಿ, ನಿನ್ನ ಮಗ ಮಲಗಿ ಮಲಗಿ ಸುಸ್ತಾಗವ್ನಂತೆ."

ಹೆಂಡತಿ ಚಿಕ್ಕಲಕ್ಷ್ಮಮ್ಮ ಹರಳೆಣ್ಣೆ ಬಿಸಿ ಮಾಡಿ ತರುತ್ತಿದ್ದಳು. ಬೋರಲಿಂಗಯ್ಯ ಕೊನೆಗೊಂದು ದಿನ ತೀರ್ಪು ಕೊಟ್ಟ. ಮುಂದಿನ ಬೆಳೆಯಲ್ಲಿ ಮಗ ಸರಿಹೋಗದಿದ್ದರೆ ಹುಳು ಮನೆಯ ಸ್ಟ್ಯಾಂಡು ಬಿಚ್ಚಿ ಹಾಕಿ ಅಲ್ಲಿ ಹಸು ಕಟ್ಟುವುದು. ಬಾಲರಾಜು ಗೋಡೆಯ ಕಡೆ ತಿರುಗಿ ಮಲಗಲು ನೋಡಿದ, ತಿರುಗಲು ಆಗಲಿಲ್ಲ.

ಅದೇ ವಾರ ರಾಮನಗರದ ಮಾರ್ಕೆಟ್ಟಿನಲ್ಲಿ ಬೋರಲಿಂಗಯ್ಯನ ಮಾನ ಇನ್ನಷ್ಟು ಹೋಯಿತು. ಗೂಡು ಕೊಂಡು ನೂಲು ತೆಗೆಸುವ ಇದ್ರೀಸ್, ಬೋರಲಿಂಗಯ್ಯನ ಗೂಡೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮತ್ತೆ ರಾಶಿಗೆ ಹಾಕಿ, ಬಹಳ ಮರ್ಯಾದೆಯಿಂದ ಕೇಳಿದ: "ಬೋರಣ್ಣ, ನಿಮ್ ಪಕ್ಕದ್ಮನೆ ಕೆಂಪರಾಜಣ್ಣ ಇವತ್ತು ಬರ್ಲಿಲ್ವಾ?"

ಬೋರಲಿಂಗಯ್ಯ ಸಿಕ್ಕಿದ ರೇಟಿಗೆ ಗೂಡು ಕೊಟ್ಟು ಊರಿಗೆ ವಾಪಸು ಬಂದ. ಮಾರನೇ ಬೆಳಗಿನ ಜಾವ, ಇನ್ನೂ ಕಾಗೆ ಕೂಗುವ ಮೊದಲೇ, ಕಾಂಪೌಂಡಿನ ಪಕ್ಕ ಒರಳುಕಲ್ಲಿನ ಮೇಲೆ ಹತ್ತಿ ನಿಂತ. ವೈರಿಯ ಕೋಟೆಯೊಳಗೆ ಬೇಹು ನಡೆಸುವ ಸೇನಾಪತಿಗೆ ಕುದುರೆ ಇರುತ್ತದೆ, ಇವನಿಗಿದ್ದದ್ದು ಒರಳುಕಲ್ಲು.

ಕಂಡದ್ದೇನು? ಕೆಂಪರಾಜು ಹುಳು ಮನೆಯ ಮುಂದಿನ ಜಗಲಿಯಲ್ಲಿ ಚಾಪೆ ಹಾಸಿ ಬೋರಲು ಮಲಗಿದ್ದ. ಬಹಳ ಹೊತ್ತು ಅಲುಗಾಡಲಿಲ್ಲ. ಆಮೇಲೆ ಅಂಗೈ ಊರಿ, ಎದೆಯನ್ನೂ ತಲೆಯನ್ನೂ ನಿಧಾನವಾಗಿ ಮೇಲೆತ್ತಿದ. ಹಾಗೇ ಹಿಡಿದ. ಇಳಿಸಿದ. ಮತ್ತೆ ಎತ್ತಿದ.

ಬೋರಲಿಂಗಯ್ಯನ ಮೈ ಜುಮ್ಮೆಂದಿತು. ಇದನ್ನು ಅವನು ನೋಡಿದ್ದ, ಒಂದು ಸಲವಲ್ಲ, ಬದುಕೆಲ್ಲ ನೋಡಿದ್ದ! ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ಮೈ ಅಲುಗಿಸದೆ, ತಲೆ ಮೇಲೆತ್ತಿಕೊಂಡು ಇದ್ದುಬಿಡುತ್ತದೆ. ಹುಳು ಜ್ವರಕ್ಕೆ ಕೂತಿತು ಎನ್ನುತ್ತಾರೆ ಆ ಸೀಮೆಯಲ್ಲಿ. ನಾಲ್ಕು ಜ್ವರ ದಾಟಿದರೆ ಹುಳು ಗೂಡಿಗೆ ಬಂತೆಂದು ಲೆಕ್ಕ. ಆ ಜ್ವರದ ಸಮಯವೇ ಹುಳುವಿಗೆ ಗಂಡಾಂತರ. ಈಗ ಇಲ್ಲಿ ಒಬ್ಬ ಮನುಷ್ಯ ಹುಳುವಿನ ಹಾಗೆಯೇ ಮಲಗಿ, ಹುಳುವಿನ ಹಾಗೆಯೇ ತಲೆ ಎತ್ತುತ್ತಿದ್ದಾನೆ. ಅಂದರೆ ಹುಳುಗಳ ಜ್ವರವನ್ನೆಲ್ಲ ಇವನು ತನ್ನ ಮೈಗೆ ತೆಗೆದುಕೊಳ್ಳುತ್ತಿದ್ದಾನೆ!

ಅಲ್ಲಿಂದ ಮುಂದೆ ಒಂದೊಂದೂ ತಾನಾಗಿಯೇ ಹೊಂದಿಕೊಂಡಿತು. ಕೆಂಪರಾಜು ಇದ್ದಕ್ಕಿದ್ದಂತೆ ಬೀಡಿ ಬಿಟ್ಟದ್ದು ಯಾಕೆ? ಹೊಗೆಸೊಪ್ಪಿನ ವಾಸನೆ ಹುಳುವಿಗೆ ಆಗದು, ಅದಕ್ಕೆ. ಹಾಸಿಗೆ ಮಡಿಸಿಟ್ಟು, ದಿಂಬಿಲ್ಲದೆ ಗಟ್ಟಿ ಮಂಚದ ಮೇಲೆ ಮಲಗುವುದು ಯಾಕೆ? ವ್ರತಸ್ಥನಿಗೆ ದಿಂಬೆಲ್ಲಿಯದು? ಹುಳು ಸಾಕುವ ಸ್ಟ್ಯಾಂಡಿನ ಕೆಳಗಿನ ಅಂತಸ್ತು ಕಿತ್ತು ಹಾಕಿ, ಎಲ್ಲವನ್ನೂ ಎದೆಯ ಎತ್ತರಕ್ಕೆ ಏರಿಸಿದ್ದು? ಹುಳುವಿಗೆ ಕೊಡುವ ಗೌರವ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು ಮಾತ್ರ ಒಸಿ ತೊಡಕಾಯಿತು. ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಂಕಿಯ ಬಿದಿರ ತಟ್ಟಿಗೆ ಮೈ ಅಂಟಿಸಿಕೊಳ್ಳುವುದು ನೆನಪಾಗಿ ಅದೂ ಬಗೆಹರಿಯಿತು.

ಕಾಂಪೌಂಡಿನ ಮೇಲಿಂದಲೇ ಕೇಳಿದ.

"ಲೇ ಕೆಂಪ, ಏನ್ಲಾ ಅದು?"

ಕೆಂಪರಾಜು ತಲೆಯನ್ನಷ್ಟೇ ತಿರುಗಿಸಲಾರದೆ ಮೈಯೆಲ್ಲ ತಿರುಗಿಸಿ ನೋಡಿದ. "ಏನಿಲ್ಲ ದೊಡ್ಡಪ್ಪ. ಒಂದು ಅಭ್ಯಾಸ."

"ಯಾರು ಹೇಳ್ಕೊಟ್ರು?"

"ರಾಮನಗರದಲ್ಲಿ ಒಬ್ರು."

"ಎಷ್ಟು ದಿನ ಮಾಡ್ಬೇಕು?"

"ಬದುಕಿರೋವರ್ಗೂ."

ಬೋರಲಿಂಗಯ್ಯ ಕೈ ಮುಗಿಯುವುದೊಂದು ಬಾಕಿ. ಒಳಗಿನಿಂದ ಪ್ರತಿಮಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದದ್ದು ಅವನಿಗೆ ಕಾಣಲಿಲ್ಲ.

ಕೆಂಪರಾಜು ಯಾಕೆ ಬಾಯಿ ಬಿಡಲಿಲ್ಲವೆಂದರೆ, ಅವನಿಗೆ ತನ್ನ ಊರು ಗೊತ್ತಿತ್ತು. ಎಂದೋ ಒಬ್ಬಾತ ಎತ್ತಿನ ಗಾಡಿಯಿಂದ ಬಿದ್ದಿದ್ದ, ಅಷ್ಟೇ. ಇವತ್ತಿಗೂ ಅವನ ಮೊಮ್ಮಕ್ಕಳನ್ನು 'ಗಾಡಿ ಬಿದ್ದೋರ ಮನೆಯವ್ರು' ಅನ್ನುತ್ತಾರೆ. ಬೆನ್ನಿನ ವಿಷಯ ಹೊರಬಿದ್ದರೆ 'ಬೆನ್ನು ಮುರುಕ' ಎಂಬ ಬಿರುದು ತನ್ನ ಮಕ್ಕಳ ಮದುವೆಯ ಲಗ್ನಪತ್ರಿಕೆಗೂ ಹತ್ತೀತು ಎಂಬ ಭಯ. ಹಾಗಾಗಿ ಊರು ತಾನಾಗಿ ಹೊದಿಸಿದ ಮಹಿಮೆಯನ್ನು ಸುಮ್ಮನೆ ಹೊದ್ದುಕೊಂಡಿದ್ದ.

ಬೋರಲಿಂಗಯ್ಯ ಆ ವ್ರತವನ್ನು ಮೊದಲು ತಾನೇ ಹಿಡಿದ. ಬೋರಲು ಮಲಗಿ ತಲೆ ಎತ್ತಿದ ಮೊದಲ ದಿನ ಹೊಟ್ಟೆ ನೆಲಕ್ಕೆ, ಎದೆ ಆಕಾಶಕ್ಕೆ, ಕೂಗು ಕಾಂಪೌಂಡಿನಾಚೆಗೆ ಹೋಯಿತು. ಚಿಕ್ಕಲಕ್ಷ್ಮಮ್ಮ ಓಡಿ ಬಂದು ಎಬ್ಬಿಸಿ, "ನಿಂಗೆ ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?" ಎಂದು ಬೈದಳು. ಎರಡನೇ ದಿನ ವ್ರತದ ಧರ್ಮಸೂಕ್ಷ್ಮವೊಂದು ಅವನಿಗೆ ಹೊಳೆಯಿತು: ಇದನ್ನು ಮಾಡಬೇಕಾದವನು ಹುಳು ಮನೆಗೆ ಮುಂದೆ ವಾರಸುದಾರನಾಗುವವನು, ಅಂದರೆ ಬಾಲರಾಜು.

"ನಂಗೆ ಬಗ್ಗಕ್ಕೇ ಆಗಲ್ಲ, ಹೆಡೆ ಎತ್ತು ಅಂತೀಯಲ್ಲಪ್ಪ."

"ಎತ್ಲಾ! ಹುಳ ಎತ್ತದೆ, ನಿಂಗೇನು ರೋಗ?"

ಬಾಲರಾಜು ಬೈದುಕೊಂಡೇ ಮಲಗಿದ, ಬೈದುಕೊಂಡೇ ಎತ್ತಿದ. ಹುಡುಗ ಕದ್ದು ಸೇದುತ್ತಿದ್ದ ಬೀಡಿ ಕಟ್ಟನ್ನು ಅಪ್ಪ ಒಲೆಗೆ ಹಾಕಿದ. ಆದರೆ ಒಂದು ಅಚ್ಚರಿ ನಡೆಯಿತು. ಕೆಲವು ದಿನ ಕಳೆಯುವಷ್ಟರಲ್ಲಿ ಹುಡುಗ ಮೊದಲಿಗಿಂತ ಬೇಗ ಚಾಪೆ ಬಿಡತೊಡಗಿದ. ಗೋಡೆಗೆ ನಿಂತರೆ ತಲೆ ಗೋಡೆಯನ್ನು ಮುಟ್ಟುತ್ತಿರಲಿಲ್ಲ, ಆದರೂ ದಿನಾ ಪ್ರಯತ್ನಿಸುತ್ತಿದ್ದ. ಬೋರಲಿಂಗಯ್ಯ ಮೀಸೆ ತಿರುವಿದ. ಸುದ್ದಿ ಹಬ್ಬಿತು. ಆ ತಿಂಗಳು ದೊಡ್ಡಆಲಹಳ್ಳಿಯಲ್ಲಿ ಹಾಲಿಗೆ ಬಂದ ಗಂಡಸರೆಲ್ಲ ಡೇರಿಯ ಗೋಡೆಗೆ ಸಾಲಾಗಿ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಹಾಲು ಅಳೆಯುವವನಿಗೆ ಪೊಲೀಸು ಸೆಲೆಕ್ಷನ್ನಿಗೆ ಬಂದವರನ್ನು ನೋಡಿದ ಹಾಗಾಗುತ್ತಿತ್ತು. ಮೂಲಪುರುಷ ಕೆಂಪರಾಜುವಿಗೆ ಮಾತ್ರ ನಿಲ್ಲಲು ಜಾಗ ಸಿಗುತ್ತಿರಲಿಲ್ಲ.

ಬೋರಲಿಂಗಯ್ಯನ ಹುಳುಗಳು ನಾಲ್ಕನೇ ಜ್ವರ ಎದ್ದವು. ಇನ್ನು ಗೂಡು ಕಟ್ಟುವವರೆಗೆ ಅವಕ್ಕೆ ರಾಕ್ಷಸ ಹಸಿವು, ಎಷ್ಟು ಸೊಪ್ಪು ಹಾಕಿದರೂ ಸಾಲದು. ಬಾಲರಾಜು ಕೆಳಗಿನ ಅಂತಸ್ತಿಗೆ ಸೊಪ್ಪು ಹಾಕಲು ದಿನವಿಡೀ ಬಗ್ಗಿದ, ವ್ರತಕ್ಕೆ ಪುರುಸೊತ್ತಾಗಲಿಲ್ಲ. ಮೂರನೇ ಬೆಳಿಗ್ಗೆ ಅವನು ಏಳಲೇ ಇಲ್ಲ. ಈ ಸಲ 'ಒಸಿ ಹೊತ್ತು ಬುಡು' ಎನ್ನುವ ಮಾತೂ ಬರಲಿಲ್ಲ. ಉಸಿರೆಳೆದರೆ ಪಕ್ಕೆ ಹಿಡಿಯುತ್ತಿತ್ತು. ಮಗನ ಕಣ್ಣಲ್ಲಿ ನೀರು ಕಂಡಾಗ ಬೋರಲಿಂಗಯ್ಯನಿಗೆ ಇದು ಸೋಮಾರಿತನವಲ್ಲ ಎಂದು ಮೊದಲ ಸಲ ಅನ್ನಿಸಿತು. ಹೊರಗೆ ಓಡಿಹೋಗಿ ದಾಸಪ್ಪನನ್ನು ಕರೆತಂದ.

ದಾಸಪ್ಪ ಸಾಮಾನ್ಯನಲ್ಲ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಬೆನ್ನು ತುಳಿದರೆ ಉಳುಕು ಬಿಡುತ್ತದೆ ಎಂಬುದು ಊರಿನ ನಂಬಿಕೆ. ಹುಟ್ಟುವಾಗ ಮಾಡಿದ ಆ ಒಂದು ಕೆಲಸದ ಹೆಸರಿನಲ್ಲಿ ದಾಸಪ್ಪ ಅರವತ್ತು ವರ್ಷ ಕಾಫಿ ಕುಡಿದಿದ್ದ. ಬಾಲರಾಜುವನ್ನು ಅಂಗಳದಲ್ಲಿ ಬೋರಲು ಮಲಗಿಸಿದರು. ದಾಸಪ್ಪ ಕಾಲು ತೊಳೆದು, ಪಂಚೆ ಎತ್ತಿ ಕಟ್ಟಿ, ಮೂಡಲಿಗೆ ಕೈ ಮುಗಿದ.

"ನನ್ನ ಕಾಲು ನೋಡಿದ್ರೇ ಸಾಕು, ಉಳುಕು ಚೆನ್ನಪಟ್ಟಣದವರ್ಗೂ ಓಡೋಯ್ತದೆ. ಸೊಂಟದ ಮೇಲೆ ನಿಂತು ಮೂರೇ ಮೂರು ಸಲ ತುಳೀತೀನಿ. ಹಿಡ್ಕಳಿ ಹುಡುಗನ್ನ."

"ದಾಸಪ್ಪಣ್ಣ! ನಿಲ್ಲು! ಕಾಲು ಇಡಬೇಡ!"

ಕಾಂಪೌಂಡಿನಾಚೆಯಿಂದ ಬಂದ ಕೂಗು ಕೆಂಪರಾಜುವಿನದು. ಅವನು ಕಾಂಪೌಂಡು ಹಾರಿ ಬಂದನೆಂದು ಈಗ ಊರಿನಲ್ಲಿ ಹೇಳುತ್ತಾರೆ. ನಿಜಕ್ಕೆ ಅವನು ಗೇಟು ಸುತ್ತಿಕೊಂಡು, ಬೆನ್ನು ಒಂದಿಷ್ಟೂ ಬಗ್ಗದ ಹಾಗೆ, ನೀರು ತುಂಬಿದ ಕೊಡ ತಲೆಯ ಮೇಲಿದೆಯೇನೋ ಎಂಬಂತೆ ಓಡಿ ಬಂದ. ದಾಸಪ್ಪನ ಕಾಲು ಗಾಳಿಯಲ್ಲೇ ನಿಂತಿತು.

"ನನ್ನ ಕಾಲಿಗೇ ಅಡ್ಡ ಬತ್ತೀಯೇನ್ಲಾ?"

"ನಾನು ಇಂಗೇ ತುಳಿಸ್ಕೊಂಡಿದ್ದೆ ಕಣಣ್ಣ. ಉಯ್ಯಂಬಳ್ಳಿ ಕಡೆ ಒಬ್ಬನ ಹತ್ರ, ಯಾರಿಗೂ ಗೊತ್ತಾಗದಂಗೆ. ಆಮೇಲೆ ನನ್ನನ್ನ ಜಮಖಾನದಲ್ಲಿ ಎತ್ಕೊಂಡು ಆಸ್ಪತ್ರೆಗೆ ಒಯ್ದ್ರು."

"ಅವನಾ?" ದಾಸಪ್ಪ ಕಾಲು ಇಳಿಸಿ ಮೂಗು ಮುರಿದ. "ಅವನು ಹುಟ್ಟಿದ್ದು ತಲೆ ಮುಂದಾಗೇ. ಸುಳ್ಳು ಹೇಳ್ಕೊಂಡು ತಿರುಗ್ತಾನೆ."

ಕೆಂಪರಾಜು ಬಾಲರಾಜುವಿನ ಪಕ್ಕ ಮಂಡಿಯೂರಿ ಕೂತ. ಅವನು ಮಂಡಿ ಮಡಿಸಿದ್ದನ್ನು ಬೋರಲಿಂಗಯ್ಯ ಕಂಡದ್ದು ಅದೇ ಮೊದಲು.

"ಮಗ, ಬೆಳಗಿನ ಜಾವ ಎಚ್ಚರ ಆಯ್ತದಾ, ನೋವಿಗೆ?"

"ಹೂಂ ಕಣಣ್ಣ."

"ಮಲಗಿದ್ರೆ ಜಾಸ್ತಿ, ಓಡಾಡಿದ್ರೆ ಸಡಿಲ?"

"ಹೂಂ."

"ಎಷ್ಟು ದಿನದಿಂದ?"

"ಐಟಿಐ ಓದೋವಾಗ್ಲಿಂದ. ಯಾರೂ ನಂಬಲ್ಲ ಕಣಣ್ಣ" ಎಂದ ಬಾಲರಾಜು, ನೆಲಕ್ಕೆ ಮುಖ ಒತ್ತಿಕೊಂಡು. ಅವನ ಹೆಗಲು ಅಲುಗುತ್ತಿತ್ತು. ಬೋರಲಿಂಗಯ್ಯ ಬೇರೆ ಕಡೆ ನೋಡಿದ.

ಆಗ ಕೆಂಪರಾಜು ಇಷ್ಟು ವರ್ಷ ಹೊದ್ದಿದ್ದ ಮಹಿಮೆಯನ್ನು ಅಂಗಳದ ನಡುವೆ ಕಳಚಿ ಹಾಕಿದ. "ದೊಡ್ಡಪ್ಪ, ನಂದು ವ್ರತ ಅಲ್ಲ, ಎಂಥದೂ ಅಲ್ಲ. ಬೆನ್ನುಮೂಳೆ ಕೀಲಿನ ವಾತ. ಕೀಲೊಳಗೆ ಉರಿ ಎದ್ದು ಊತ ಬತ್ತದೆ. ಸುಮ್ನೆ ಬುಟ್ರೆ ಮೂಳೆಗೆ ಮೂಳೆ ಅಂಟ್ಕೊಂಡು, ಬಗ್ಗಿದ ಬೆನ್ನು ಬಗ್ಗಿದಂಗೇ ನಿಂತೋಯ್ತದೆ. ಅದಕ್ಕೇ ಅಂಟಕ್ಕೆ ಬುಡಬಾರದು ಅಂತ ದಿನಾ ನೆಟ್ಟಗೆ ನಿಲ್ಲೋದು, ಬೋರಲು ಮಲಗೋದು, ಎದೆ ಎತ್ತೋದು. ಬೀಡಿ ಬುಟ್ಟಿದ್ದೂ ಡಾಕ್ಟ್ರು ಬೈದ್ರು ಅಂತ, ಹುಳುಗೋಸ್ಕರ ಅಲ್ಲ. ಮಾತ್ರೆನೂ ಐತೆ. ಇವನಿಗೂ ಅದೇ ಇರಂಗೈತೆ. ಇರಬೌದು, ಇಲ್ದೇನೂ ಇರಬೌದು, ಡಾಕ್ಟ್ರು ನೋಡ್ಬೇಕು. ತುಳಿಸಬೇಡಿ."

"ಅದರ ಹೆಸರೇನ್ಲಾ?"

"ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್."

"ಅದನ್ನ ಹೇಳಕ್ಕೋದ್ರೇ ಇನ್ನೊಂದ್ಸಲ ಬೆನ್ನು ಹಿಡ್ಕೊಳ್ತದೆ" ಎಂದು ದಾಸಪ್ಪ ಕಾಫಿ ಲೋಟಕ್ಕೆ ಕೈ ಚಾಚಿದ. ಕಾಲಿಗೆ ಕೆಲಸ ಸಿಗದಿದ್ದರೂ ಕಾಫಿ ಬಿಡುವ ಗಿರಾಕಿಯಲ್ಲ ಅವನು.

ಅವತ್ತು ಬೋರಲಿಂಗಯ್ಯನ ಹುಳುಗಳಿಗೆ ಸೊಪ್ಪು ಹಾಕಿದವಳು ಪ್ರತಿಮಾ. "ನೀವು ಹೋಗ್ಬನ್ನಿ ಮಾವ, ಎರಡು ಮನೆ ಹುಳನೂ ನಂಗೇನು ಭಾರ ಅಲ್ಲ" ಎಂದು ಕಳಿಸಿಕೊಟ್ಟಳು. ಬಾಡಿಗೆ ಕಾರಿನಲ್ಲಿ ರಾಮನಗರಕ್ಕೆ ಹೋದರು. ಕೆಂಪರಾಜು ದಾರಿಯಲ್ಲಿ ಎರಡು ಕಡೆ ಕಾರು ನಿಲ್ಲಿಸಿ, ಬಾಲರಾಜುವನ್ನೂ ಇಳಿಸಿ, ಇಬ್ಬರೂ ರಸ್ತೆ ಪಕ್ಕ ಕೈ ಮೇಲೆತ್ತಿ ಮೈ ಮುರಿದರು. ಹೋಗಿ ಬರುವ ಬಸ್ಸಿನವರು ಇವರು ಕೈ ಅಡ್ಡ ಹಾಕುತ್ತಿದ್ದಾರೆಂದು ಬ್ರೇಕು ಹೊಡೆದು ಬೈದರು. ರಾಮನಗರದ ಡಾಕ್ಟರು ರಕ್ತ ತೆಗೆಸಿ, ಬೆನ್ನಿನ ಎಕ್ಸ್‌ರೇ ತೆಗೆಸಿ, ಬೆಂಗಳೂರಿನ ಕೀಲುರೋಗದವರ ಹತ್ತಿರ ಕಳಿಸಿದರು. ಅವರೂ ಕೆಂಪರಾಜು ಹೇಳಿದ್ದನ್ನೇ ಹೇಳಿದರು. ಹುಡುಗ ಸೋಮಾರಿಯಲ್ಲ, ಕಾಯಿಲೆ ನಿಜ, ಬೇಗ ಪತ್ತೆಯಾಗಿದೆ. ಮಾತ್ರೆ ತಪ್ಪಿಸಬಾರದು, ವ್ಯಾಯಾಮ ತಪ್ಪಿಸಬಾರದು, ಬೀಡಿ ಮುಟ್ಟಬಾರದು, ಯಾರ ಕೈಲೂ ಬೆನ್ನು ತುಳಿಸಿಕೊಳ್ಳಬಾರದು. ಕೊನೆಯದನ್ನು ಬೋರಲಿಂಗಯ್ಯ ಊರಿಗೆ ಬಂದ ಮೇಲೆ ದಾಸಪ್ಪನಿಗೆ ಹೇಳಲಿಲ್ಲ, ಹಿರಿಯನ ಮನಸ್ಸು ನೋಯಿಸುವುದು ಯಾಕೆಂದು.

ಹೆಸರು ಹತ್ತುವುದೇನೋ ಹತ್ತಿತು. ಊರು ಇಬ್ಬರನ್ನೂ ಸೇರಿಸಿ 'ನೆಟ್ಟಗಿರೋರು' ಎಂದಿತು. ಕೆಂಪರಾಜು ಹೆದರಿದ್ದಕ್ಕಿಂತ ಅದು ವಾಸಿ. ಡೇರಿಯ ಗೋಡೆಯಿಂದ ಉಳಿದ ಗಂಡಸರು ಒಬ್ಬೊಬ್ಬರಾಗಿ ಜಾರಿಕೊಂಡರು. ವ್ರತವಾದರೆ ಸರಿ, ಬರೀ ವ್ಯಾಯಾಮವನ್ನು ಯಾರು ಮಾಡುತ್ತಾರೆ?

ಬಾಲರಾಜು ಸ್ಟ್ಯಾಂಡಿನ ಕೆಳಗಿನ ಅಂತಸ್ತು ಕಿತ್ತು ಮೇಲೇರಿಸಿದ. ಬೋರಲಿಂಗಯ್ಯ ಸ್ಕ್ರೂ ಹಿಡಿದುಕೊಟ್ಟ. ಹಸು ಕಟ್ಟುವ ಮಾತು ಮತ್ತೆ ಬರಲಿಲ್ಲ. ಒಂದು ಬೆಳಿಗ್ಗೆ ಅಪ್ಪ ಸೊಂಟದಿಂದ ಬೀಗದ ಕೈ ಬಿಚ್ಚಿ, ಮಗನ ಜೇಬಿಗೆ ಹಾಕಿದ. "ಯಾಕಪ್ಪ?" ಎಂದರೆ, "ಸೊಂಟಕ್ಕೆ ಒತ್ತತ್ತೆ ಕಣ್ಲಾ" ಎಂದ.

ಆದರೂ ಪಂಡಿತನಿಗೆ ಒಂದು ಸಮಾಧಾನ ಆಗಲಿಲ್ಲ. ಮಗನಿಗೆ ಹುಳು ಮನೆ ಒಪ್ಪಿಸಿಯಾಯಿತು, ಬೆಳೆಯ ಗುಟ್ಟನ್ನೂ ಒಪ್ಪಿಸಬೇಡವೇ? ಆ ಸಂಜೆಯೇ ಒರಳುಕಲ್ಲು ಹತ್ತಿದ.

"ಲೇ ಕೆಂಪ. ವ್ರತ ಅಲ್ಲ ಅಂದೆ, ಒಪ್ಕೊಂಡೆ. ಹುಳುವಿನ ಜ್ವರ ನೀನು ತಕ್ಕೊಳ್ಳಲ್ಲ, ಅದೂ ಒಪ್ಕೊಂಡೆ. ಅಂಗಾದ್ರೆ ನಿನ್ನ ಬೆಳೆ ಅದೆಂಗ್ಲಾ ತಪ್ಪಲ್ಲ? ನನ್ನ ಮಗನ ಬಾಳಿನ ಪ್ರಶ್ನೆ ಕಣಪ್ಪ. ಏನೋ ಒಂದು ಶಕ್ತಿ ಐತೆ ನಿನ್ನತ್ರ. ಏನದು, ಮುಚ್ಚಿಡದಂಗೆ ಹೇಳು."

ಕೆಂಪರಾಜು ಕೈಯಲ್ಲಿದ್ದ ಸೊಪ್ಪಿನ ಕಡ್ಡಿಗಳನ್ನು ಜಗಲಿಯ ಮೇಲಿಟ್ಟು, ಮೈಯೆಲ್ಲ ಕಾಂಪೌಂಡಿನ ಕಡೆ ತಿರುಗಿಸಿದ.

"ನೋವಿಗೆ ಮೂರೂವರೆಗೆಲ್ಲ ಎಚ್ಚರ ಆಯ್ತದೆ ದೊಡ್ಡಪ್ಪ. ಮಲಗಕ್ಕಾಗಲ್ಲ, ಓಡಾಡ್ಬೇಕು. ಸುಮ್ಸುಮ್ನೆ ಬೀದೀಲಿ ಓಡಾಡಿದ್ರೆ ನಾಯಿಗಳು ಬೊಗಳ್ತವೆ. ಅದಕ್ಕೇ ದಿನಾ ಆ ಹೊತ್ತಿಗೇ ಹುಳಕ್ಕೆ ಸೊಪ್ಪು ಹಾಕ್ತೀನಿ."